ಮಾತಿದ್ದ ಸಭೆ, ಮತವಿದ್ದ ಸಭೆ

ರೋಮಿನ ಗಣರಾಜ್ಯವೆಂದೊಡನೆ ನಮ್ಮಲ್ಲಿ ಓದಿದವರ ಕಣ್ಣೆದುರು ನಿಲ್ಲುವವರು ಷೇಕ್ಸ್‌ಪಿಯರನ ಸೀಸರ್, ಬ್ರೂಟಸ್, ಆಂಟನಿ. ಪ್ರಜೆಗಳು ಅಲ್ಲಿ ಬರಿಯ ಗುಂಪು. ಬ್ರೂಟಸ್ ಮಾತನಾಡಿದರೆ ಅವನ ಕಡೆ, ಆಂಟನಿ ಮಾತನಾಡಿದರೆ ಅವನ ಕಡೆ. ನಾಟಕಕ್ಕೆ ಅಷ್ಟು ಸಾಕು, ಚರಿತ್ರೆಗೆ ಸಾಲದು. ಆ ಗುಂಪಿಗೂ ಒಂದು ಕಟ್ಟುಪಾಡಿತ್ತು. ಅದನ್ನು ಅರಿಯದೆಯೇ 'ನಮ್ಮಲ್ಲಿಯೂ ಇಂಥದೊಂದು ಸಭೆ ಇತ್ತು' ಎಂದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ತೋರಿಸುವವರುಂಟು. ಹೋಲಿಕೆ ತಪ್ಪೆಂದು ನಾನು ಹೇಳಲಾರೆ. ಆದರೆ ಎರಡೂ ಸಭೆಗಳು ಒಂದಕ್ಕೊಂದು ತಿರುಗುಮುರುಗಾಗಿದ್ದವೆಂಬುದು ಈ ಹೊಗಳಿಕೆಯಲ್ಲಿ ಮರೆತುಹೋಗುತ್ತದೆ.

ರೋಮಿನಲ್ಲಿ ವರ್ಷಕ್ಕಿಬ್ಬರು ಕಾನ್ಸಲರು; ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಾಗಿತ್ತು. ಅವರನ್ನು ಆರಿಸುತ್ತಿದ್ದುದು ಪ್ರಜೆಗಳ ಸಭೆ. ಆದರೆ ಮತ ಹಾಕುವ ಆ ಸಭೆಯಲ್ಲಿ ಪ್ರಜೆ ಬಾಯಿ ತೆರೆಯುವಂತಿರಲಿಲ್ಲ. ಮಾತೆಲ್ಲ ಅದಕ್ಕೆ ಮುಂಚಿನ ಕೂಟಗಳಲ್ಲಿ. ಅಲ್ಲಿಯೂ ಅಧಿಕಾರಿ ಕರೆದವನೇ ಮಾತನಾಡಬೇಕು, ಉಳಿದವರು ಕೇಳಬೇಕು. ಮತವಾದರೂ ಸಮನಾಗಿತ್ತೆ? 'ಸೆಂಚುರಿ' ಎಂಬ 193 ಗುಂಪುಗಳಲ್ಲಿ, ಮೊದಲಿನ ಏರ್ಪಾಟಿನಂತೆ, ಕುದುರೆಸವಾರರವು 18, ಮೊದಲ ದರ್ಜೆಯ ಸಿರಿವಂತರವು 80. ಈ 98 ಒಂದಾದರೆ ಮುಗಿಯಿತು. ಕೆಳಗಿನವರನ್ನು ಕರೆಯುವ ಅಗತ್ಯವೇ ಇಲ್ಲ. ಆಸ್ತಿಯಿಲ್ಲದವರೆಲ್ಲ ಸೇರಿ ಕಟ್ಟಕಡೆಯ ಒಂದೇ ಒಂದು ಗುಂಪು.

ಈಗ ಮೈಸೂರಿಗೆ ಬರೋಣ. ದಿವಾನ್ ರಂಗಾಚಾರ್ಲು ಅವರು ಮೊದಲ ಸಭೆಯನ್ನು ಕೂಡಿಸಿದ್ದು 1881ರ ಅಕ್ಟೋಬರ್ 7ರಂದು. ಪ್ರತಿನಿಧಿಗಳು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುಳ್ಳ ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಎಂಬುದು ಆಗಿನ ಲೆಕ್ಕ. ಕಾಲವನ್ನು ನೆನೆಯಬೇಕು. 1876-78ರ ಕ್ಷಾಮ ಆಗತಾನೇ ಕಳೆದಿತ್ತು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಖಾನೇಷುಮಾರಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೆರೆ ತುಂಬಿದರೆ ಬದುಕು, ಒಡೆದರೆ ಗುಳೆ. ಮೈಸೂರಿಗೆ ರೈಲು ಬಂದದ್ದು 1882ರಲ್ಲಿ, ತುಮಕೂರಿಗೆ 1884ರಲ್ಲಿ. ಮೊದಲ ಸಭೆಗೆ ಈ ಸೀಮೆಯಿಂದ ಹೊರಡುವವನು ಗಾಡಿಯನ್ನೇ ನೆಚ್ಚಬೇಕಾಗಿತ್ತು. ಅದರಲ್ಲೂ ಪಾವಗಡ, ಸುತ್ತ ಮದರಾಸು ಆಧಿಪತ್ಯದ ನೆಲದ ನಡುವೆ ಹೆಚ್ಚುಕಡಿಮೆ ನಡುಗಡ್ಡೆಯಂತೆ ನಿಂತಿದ್ದ ತಾಲ್ಲೂಕು.

ಅಂಥವನಿಗೆ ಅಲ್ಲಿ ಸಿಕ್ಕಿದ್ದೇನು? ಮಾತು. ದಿವಾನರು ವರ್ಷದ ಆದಾಯ, ಖರ್ಚು, ಕಾಮಗಾರಿಗಳ ವಿವರ ಒಪ್ಪಿಸುತ್ತಿದ್ದರು. ಪ್ರತಿನಿಧಿ ತನ್ನ ತಾಲ್ಲೂಕಿನ ಅಹವಾಲು ಹೇಳಿಕೊಳ್ಳುತ್ತಿದ್ದ. ಮತಕ್ಕೆ ಹಾಕುವ ಪ್ರಶ್ನೆಯೇ ಇರಲಿಲ್ಲ. ರೋಮಿನ ಬಡವನಿಗೆ ಮತವಿತ್ತು, ಮಾತಿರಲಿಲ್ಲ; ಮೈಸೂರಿನ ರೈತನಿಗೆ ಮಾತಿತ್ತು, ಮತವಿರಲಿಲ್ಲ. ಇದನ್ನು 'ಬರಿಯ ಹರಟೆಕಟ್ಟೆ' ಎಂದು ತಳ್ಳಿಹಾಕುವವರ ಪಕ್ಷಕ್ಕೂ ನಾನು ಸೇರುವುದಿಲ್ಲ. ಒಡೆದ ಕೆರೆಯ ವಿಷಯವನ್ನು ಅಮಲ್ದಾರರ ಕಚೇರಿಯ ಜಗಲಿಯಲ್ಲಿ ಹೇಳುವುದಕ್ಕೂ ನೂರು ಜನರೆದುರು ದಿವಾನರಿಗೇ ಹೇಳುವುದಕ್ಕೂ ವ್ಯತ್ಯಾಸವಿದೆ. ಇನ್ನೊಂದು ಸಂಗತಿ: ರೋಮಿಗೆ ಪ್ರತಿನಿಧಿಯೆಂಬ ಕಲ್ಪನೆಯೇ ಹೊಳೆಯಲಿಲ್ಲ. ಸಿಸೆರೋನ ಊರಾದ ಅರ್ಪೀನಮ್ಮಿನ ಸಾಮಾನ್ಯ ರೈತ ಮತ ಹಾಕಬೇಕಾದರೆ ತಾನೇ ರಾಜಧಾನಿಗೆ ನಡೆಯಬೇಕು. ಈ ಒಂದು ವಿಷಯದಲ್ಲಿ ಶಿರಾದ ರೈತ ಅವನಿಗಿಂತ ಮುಂದಿದ್ದ.

ನಮಗೆ ನಿಜವಾಗಿ ಕೊರತೆಯಾದದ್ದು ಟ್ರಿಬ್ಯೂನ್. ಜನಸಾಮಾನ್ಯರು ಆರಿಸಿದ ಈ ಅಧಿಕಾರಿ 'ಬೇಡ' ಎಂದರೆ ಕಾನ್ಸಲನ ಕೆಲಸವೂ ನಿಲ್ಲುತ್ತಿತ್ತು. ಅವನ ಮನೆಯ ಬಾಗಿಲು ಹಗಲೂ ರಾತ್ರಿ ತೆರೆದಿರಬೇಕೆಂಬುದು ನಿಯಮ. ನಮ್ಮ ಸಭೆಯಲ್ಲಿ 'ಕೊಡಿ' ಎನ್ನಬಹುದಿತ್ತು, 'ಕೂಡದು' ಎಂದು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚುನಾವಣೆ ಬಂತು, ಆದರೆ ಕಂದಾಯವನ್ನೋ ಆಸ್ತಿಯನ್ನೋ ಪದವಿಯನ್ನೋ ನೋಡಿ ಹಕ್ಕು. ರೋಮಿನ ದರ್ಜೆಗಳೇ ಬೇರೆ ವೇಷದಲ್ಲಿ ಬಂದಂತಾಯಿತು. ಜೀತದಾಳಿಗೆ ಎರಡು ಕಡೆಯೂ ಜಾಗವಿಲ್ಲ. 1923ರಲ್ಲಿ ಸಭೆಗೆ ಶಾಸನದ ಬಲ ಬಂದು, ಹೊಸ ತೆರಿಗೆಗೂ ಕಾನೂನಿಗೂ ಮುಂಚೆ ಅದರ ಅಭಿಪ್ರಾಯ ಕೇಳಬೇಕೆಂದಾಯಿತು, ಸ್ತ್ರೀಯರಿಗಿದ್ದ ಅಡ್ಡಿಯೂ ಹೋಯಿತು. ಆಗಲೂ ಕಡೆಯ ಮಾತು ಸರ್ಕಾರದ್ದೇ. 1949ರಲ್ಲಿ ಸಭೆ ಮುಗಿಯಿತು.

ದಿವಾನರ ಭಾಷಣಗಳು ಸಂಪುಟಗಳಾಗಿ ಅಚ್ಚಾಗಿವೆ. ಗದ್ಯ ಗಂಭೀರ, ಅಂಕಿಅಂಶ ಅಚ್ಚುಕಟ್ಟು. ಓದುತ್ತ ಹೋದಂತೆ ನನಗೆ ಷೇಕ್ಸ್‌ಪಿಯರನ ನಾಟಕವೇ ನೆನಪಾಗುತ್ತದೆ: ವೇದಿಕೆಯ ಮೇಲಿನವನ ಮಾತು ಪೂರ್ತಿಯಾಗಿ ಉಳಿದಿದೆ, ಕೆಳಗೆ ನಿಂತವನದು ಇಲ್ಲ. ಮಾತನ್ನೇ ಕೊಟ್ಟ ಸಭೆಯಲ್ಲಿ ಇದು ಸಣ್ಣ ಲೋಪವಲ್ಲ. ಸಭೆಯ ನಡವಳಿಗಳಿಂದ ಈ ನಾಲ್ಕು ತಾಲ್ಲೂಕುಗಳ ಪ್ರತಿನಿಧಿಗಳು ಕೇಳಿದ್ದೇನು, ಬಂದ ಉತ್ತರವೇನು ಎಂಬಷ್ಟನ್ನು ಹೆಕ್ಕಿ ಕನ್ನಡದಲ್ಲಿ ಒಂದು ಪುಸ್ತಕ ಮಾಡಬಾರದೆ? ಉತ್ತರ ಬಂದ ಮೇಲೆ ಕೆರೆ ರಿಪೇರಿಯಾಯಿತೋ ಇಲ್ಲವೋ ಎಂಬುದನ್ನು ಊರೂರಿಗೆ ಹೋಗಿ ನೋಡಿ, ಅಡಿಟಿಪ್ಪಣಿಯಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು.