‘ಯೂಫೋರಿಯಾ’ ಎಂಬ ನೃತ್ಯಗೀತದ ವಿಮರ್ಶೆ

ಗೀತ, ವಾದ್ಯ, ನೃತ್ತ ಎಂಬ ಮೂರರ ಕೂಟಕ್ಕೇ ಸಂಗೀತವೆಂದು ಹೆಸರೆಂಬುದಾಗಿ 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ನಿರೂಪಿಸಿರುವನು. ಕಾಲಕ್ರಮದಲ್ಲಿ ನಾವು ಈ ಮೂರನ್ನೂ ಬೇರ್ಪಡಿಸಿ, ಕೇಳತಕ್ಕುದು ಒಂದು, ನೋಡತಕ್ಕುದು ಮತ್ತೊಂದು ಎಂದು ಎಣಿಸುತ್ತ ಬಂದಿರುವೆವು. ಪಾಶ್ಚಾತ್ಯರ ಈಚಿನ ನೃತ್ಯಗೀತಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಆಡುವ ಮಾತುಗಳಲ್ಲಿಯೂ ಈ ಭೇದಬುದ್ಧಿಯೇ ಕಾಣುವುದು. ಮಾತುಗಳನ್ನು ಮಾತ್ರ ಓದಿದವರು ಇದರಲ್ಲಿ ಕಾವ್ಯವಿಲ್ಲವೆನ್ನುವರು. ನಾದವನ್ನು ಮಾತ್ರ ಕೇಳಿದವರು ಇದು ಬರಿಯ ಗದ್ದಲವೆನ್ನುವರು. ಅಂತಹ ಗೀತಗಳಲ್ಲಿ ಪ್ರಖ್ಯಾತವಾದ ಒಂದನ್ನು ತೆಗೆದುಕೊಂಡು, ನಮ್ಮ ಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ, ಅದರ ಗುಣದೋಷಗಳನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

ಯೂರೋಪು ಖಂಡದ ದೇಶಗಳು ಕೂಡಿ ನಡೆಯಿಸುವ ‘ಯೂರೋವಿಷನ್’ ಎಂಬ ಗೀತಸ್ಪರ್ಧೆಯು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಏಳು ದೇಶಗಳಿಂದ ಆರಂಭವಾಯಿತು. 2012ರಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ಅದು ಜರುಗಿದಾಗ ಸೇರಿದ್ದ ದೇಶಗಳು 42. ಮೇ 26ರ ಅಂತಿಮ ಸ್ಪರ್ಧೆಯಲ್ಲಿ ಸ್ವೀಡನ್ ದೇಶದ ಪರವಾಗಿ ಲೊರೀನ್ ಎಂಬ ಗಾಯಕಿಯು ‘ಯೂಫೋರಿಯಾ’ ಎಂಬ ಗೀತವನ್ನು ಹಾಡಿ 372 ಅಂಕಗಳಿಂದ ಪ್ರಥಮಸ್ಥಾನವನ್ನು ಪಡೆದಳು. ಎರಡನೆಯದಾದ ರಷ್ಯಾ ದೇಶಕ್ಕೆ ಬಂದುವು 259. ಹದಿನೆಂಟು ದೇಶಗಳು ಈ ಗೀತಕ್ಕೆ ತಮ್ಮ ಅತ್ಯಧಿಕವಾದ 12 ಅಂಕಗಳನ್ನು ಕೊಟ್ಟುವು. ಗೀತದ ಕರ್ತರು ಥಾಮಸ್ ಜೀಸನ್ ಮತ್ತು ಪೀಟರ್ ಬೋಸ್ಟ್ರೋಮ್ ಎಂಬಿಬ್ಬರು. ಗಾಯಕಿಯು 1983ರಲ್ಲಿ ಸ್ಟಾಕ್‌ಹೋಮಿನಲ್ಲಿ ಜನಿಸಿದವಳು. ತಂದೆತಾಯಿಗಳು ಮೊರಾಕ್ಕೋ ದೇಶದ ಬರ್ಬರ ಕುಲದವರು.

ಮೊದಲು ಹೆಸರನ್ನು ವಿಚಾರಿಸುವ. ‘ಯೂಫೋರಿಯಾ’ ಎಂಬುದು ಗ್ರೀಕ್ ಶಬ್ದ. ಅದರ ಪೂರ್ವಭಾಗವಾದ ‘ಎಉ’ ಎಂಬುದು ನಮ್ಮ ‘ಸು’ ಎಂಬುದಕ್ಕೂ, ಉತ್ತರಭಾಗದ ಧಾತುವು ನಮ್ಮ ‘ಭೃ’ ಧಾತುವಿಗೂ ಜ್ಞಾತಿಗಳೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದುದು. ಆದುದರಿಂದ ಸುಖವಾಗಿ ಹೊರುವಿಕೆ, ಹೊತ್ತ ಭಾರವು ಹಗುರವೆನಿಸುವ ಸ್ಥಿತಿ ಎಂಬುದೇ ಅದರ ಮೂಲಾರ್ಥವು. ಈಗಿನ ವ್ಯವಹಾರದಲ್ಲಿ ಅದು ಉಕ್ಕಿಬರುವ ಹರ್ಷಕ್ಕೆ ರೂಢವಾಗಿದೆ. ಮೂಲಾರ್ಥವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ಇನ್ನು ಸಾಹಿತ್ಯವನ್ನು ನೋಡಿದರೆ, ಪೂರ್ವಪಕ್ಷಿಗಳು ಹೇಳುವುದರಲ್ಲಿ ನಿಜವಿದೆಯೆಂದು ಒಪ್ಪಬೇಕಾಗುವುದು. ಈ ಕ್ಷಣವು ಎಂದೆಂದಿಗೂ ನಿಲ್ಲಬಾರದೇಕೆ, ಈ ರಾತ್ರಿಯೇ ಶಾಶ್ವತವಾಗಬಾರದೇಕೆ ಎಂಬ ಹಂಬಲ. ತಾವಿಬ್ಬರೇ ತಮ್ಮದೊಂದು ಲೋಕದಲ್ಲಿರುವೆವೆಂಬ ಭಾವನೆ. ಮೇಲಕ್ಕೆ ಮೇಲಕ್ಕೆ ಏರುತ್ತಿರುವೆವೆಂಬ ಉದ್ಗಾರ. ನಡುನಡುವೆ ಗೀತದ ಹೆಸರಿನ ಪುನರುಕ್ತಿ. ಇಷ್ಟೇ ಇದರ ವಾಚ್ಯಾರ್ಥವು. ಅಲಂಕಾರದಲ್ಲಿ ನವೀನತೆಯಿಲ್ಲ, ಉಕ್ತಿಯಲ್ಲಿ ವೈಚಿತ್ರ್ಯವಿಲ್ಲ. ಕಾಗದದ ಮೇಲಿಟ್ಟು ಓದಿದರೆ ಸಾಮಾನ್ಯ ಪದ್ಯವೆಂದೇ ಹೇಳಬೇಕು.

ಆದರೆ ಗೀತವು ಕಾಗದದ ವಸ್ತುವಲ್ಲ. ವಾದ್ಯಪಕ್ಷವನ್ನು ನೋಡೋಣ. ಈ ಜಾತಿಯ ಗೀತಗಳಲ್ಲಿ ಯಂತ್ರನಿರ್ಮಿತವಾದ ಮದ್ದಳೆಯ ಪೆಟ್ಟು ನಾಲ್ಕು ಮಾತ್ರೆಗಳಲ್ಲಿಯೂ ಸಮನಾಗಿ ಬೀಳುವುದು. ನಮ್ಮ ತಾಳಗಳಲ್ಲಿರುವ ಲಘು ದ್ರುತಾದಿ ಅಂಗಭೇದವು ಇಲ್ಲಿಲ್ಲ. ಇಲ್ಲಿ ನಿಮಿಷಕ್ಕೆ ಸುಮಾರು 130 ಪೆಟ್ಟುಗಳು. ಇಂತಹ ಏಕರೂಪವಾದ ಲಯದಲ್ಲಿ ವೈವಿಧ್ಯವನ್ನು ತರುವ ಉಪಾಯವಾವುದೆಂದರೆ, ಪೆಟ್ಟನ್ನು ತಡೆಹಿಡಿಯುವುದೇ ಆಗಿದೆ. ಚರಣಗಳಲ್ಲಿ ಕಂಠವು ತಗ್ಗಿ ನಡೆಯುವುದು. ಪಲ್ಲವಿಯು ಸಮೀಪಿಸಿದಂತೆ ನಾದವು ದಟ್ಟವಾಗುತ್ತ ಬರುವುದು. ಪಲ್ಲವಿಯಲ್ಲಿ ಸರ್ವವೂ ಒಮ್ಮೆಗೇ ತೆರೆದುಕೊಳ್ಳುವುದು. ಕಟ್ಟೆಯಲ್ಲಿ ನಿಂತ ನೀರು ತೂಬನ್ನು ತೆರೆದಾಗ ಹರಿವಂತೆ ಶ್ರೋತೃವಿನ ನಿರೀಕ್ಷೆಯು ಆ ಸ್ಥಳದಲ್ಲಿ ಹರಿಯುವುದು. ಸ್ಪರ್ಧೆಯ ನಿಯಮದಂತೆ ಯಾವ ಗೀತವೂ ಮೂರು ನಿಮಿಷಗಳನ್ನು ಮೀರಕೂಡದು. ಆಲಾಪನೆಗೆ ಅವಕಾಶವಿಲ್ಲದ ಈ ಇಕ್ಕಟ್ಟಿನಲ್ಲಿ ಆರೋಹಾವರೋಹಗಳನ್ನು ಇಷ್ಟು ಸಮರ್ಪಕವಾಗಿ ಹಂಚಿರುವುದು ಕರ್ತರ ಕುಶಲತೆಗೆ ಸಾಕ್ಷಿಯು.

ಮುಖ್ಯವಾದ ವಿಷಯವು ಅಭಿನಯ. ರಂಗದ ಮೇಲೆ ಆರು ಜನರವರೆಗೆ ಇರಬಹುದೆಂಬ ನಿಯಮವಿರುವುದರಿಂದ ಈ ಜಾತಿಯ ಗೀತಗಳಿಗೆ ನರ್ತಕರ ಗುಂಪನ್ನು ತುಂಬುವುದು ವಾಡಿಕೆ. ಲೊರೀನಳ ಪ್ರಯೋಗದಲ್ಲಿ ಅದಿಲ್ಲ. ರಂಗವು ಬಹುಮಟ್ಟಿಗೆ ಕತ್ತಲೆ. ಗಾಯಕಿಯು ಒಬ್ಬಳೇ, ಬರಿಗಾಲಿನಲ್ಲಿ, ಸಡಿಲವಾದ ಉಡುಪಿನಲ್ಲಿ, ಕೂದಲು ಮುಖವನ್ನು ಮುಚ್ಚುತ್ತಿರಲಾಗಿ, ಮೊಣಕಾಲನ್ನು ಬಾಗಿಸಿ ಏಡಿಯಂತೆ ಓರೆಯಾಗಿ ಚಲಿಸುವಳು. ಕೃತಕವಾದ ಹಿಮವು ಸುರಿಯುವುದು. ಗೀತವು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಮಾತ್ರ ಒಬ್ಬ ನರ್ತಕನು ಬಂದು ಸೇರುವನು. ಮಾತುಗಳು ಆನಂದವನ್ನು ಹೇಳುತ್ತಿರುವಾಗ ಕಣ್ಣಿಗೆ ಕಾಣುವುದು ಏಕಾಂತ. ಮಾತು ಮೇಲಕ್ಕೇರುವೆನೆನ್ನುತ್ತಿರುವಾಗ ದೇಹವು ನೆಲದ ಕಡೆಗೆ ಬಾಗುವುದು. ಇದು ವಿರೋಧವಲ್ಲವೆ ಎಂದು ಆಕ್ಷೇಪಿಸಬಹುದು. ಇದೇ ಈ ಗೀತದ ಪ್ರಾಣವೆಂದು ನಾವು ಹೇಳುವೆವು.

ಹೇಗೆಂದರೆ, ಹರ್ಷವು ಭರತಮುನಿಯು ಎಣಿಸಿದ 33 ವ್ಯಭಿಚಾರಿಭಾವಗಳಲ್ಲೊಂದು. ಅದು ಅಲೆಯಂತೆ ಬಂದು ಹೋಗತಕ್ಕುದಲ್ಲದೆ ನಿಲ್ಲತಕ್ಕುದಲ್ಲ. ನಿಲ್ಲದುದನ್ನು ನಿಲ್ಲೆಂದು ಬೇಡುವುದೇ ಈ ಗೀತದ ವಸ್ತುವು. ಬರಿಯ ಮಾತಿನಲ್ಲಿ ಈ ಬೇಡಿಕೆಯು ಬಾಲಭಾಷಿತದಂತಿದೆ. ಆದರೆ ಕತ್ತಲೆಯಲ್ಲಿ ಒಬ್ಬಳೇ ಇರುವ ವ್ಯಕ್ತಿಯ ಬಾಯಿಂದ ಅದೇ ಮಾತು ಬಂದಾಗ, ಕೈಗೆ ಬಾರದಿರುವ ಅಥವಾ ಕೈಜಾರುತ್ತಿರುವ ಸುಖದ ವಿಷಯದಲ್ಲಿ ಔತ್ಸುಕ್ಯವು ವ್ಯಂಗ್ಯವಾಗುವುದು. ವಾಚ್ಯವು ಹರ್ಷ, ವ್ಯಂಗ್ಯವು ವಿರಹ; ಎರಡೂ ರತಿಯೆಂಬ ಒಂದೇ ಸ್ಥಾಯಿಗೆ ಪೋಷಕಗಳು. ಶಬ್ದದಲ್ಲಿಲ್ಲದ ಧ್ವನಿಯನ್ನು ಆಂಗಿಕವು ತಂದುಕೊಟ್ಟಿತು. ಭಾರವನ್ನು ಸುಖವಾಗಿ ಹೊರುವಿಕೆಯೆಂಬ ಮೂಲಾರ್ಥವು ಇಲ್ಲಿ ಸಾರ್ಥಕವಾಯಿತು: ಭಾರವು ಕಣ್ಣಿಗೆ ಕಾಣುತ್ತಿರುವುದರಿಂದಲೇ ಹಗುರವಾಗುವ ಆಸೆಗೆ ಅರ್ಥವುಂಟು. ಮೂರು ಅಂಗಗಳನ್ನೂ ಕೂಡಿಸಿ ನೋಡಿದಲ್ಲದೆ ಈ ರಸವು ಗೋಚರಿಸದೆಂಬುದರಿಂದ ಶಾರ್ಙ್ಗದೇವನ ಲಕ್ಷಣವು ದೂರದೇಶದ ಲಕ್ಷ್ಯದಲ್ಲಿಯೂ ಸಮನ್ವಯವಾಗುವುದು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಡಲಾಗದು. ಹೆಸರಿನ ಪುನರುಕ್ತಿಯು ಪಲ್ಲವಿಯ ಧರ್ಮವೆಂದು ಕ್ಷಮಿಸಬಹುದು. ಕ್ಷಮಿಸಲು ಕಷ್ಟವಾದುದು ಭಾಷೆಯ ವಿಷಯ. ಸ್ವೀಡನ್ನಿನ ಕರ್ತರು ಸ್ವೀಡನ್ನಿನ ಗಾಯಕಿಗೆ ರಚಿಸಿಕೊಟ್ಟ ಈ ಗೀತವು ಇಂಗ್ಲೀಷಿನಲ್ಲಿದೆ. ಆಯಾ ದೇಶದವರು ತಮ್ಮ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮವು 1977ರಿಂದ 1998ರವರೆಗೆ ನಡೆದು 1999ರಲ್ಲಿ ಹೋಯಿತು. ಅಲ್ಲಿಂದಾಚೆಗೆ ಬಹುಪಾಲು ದೇಶಗಳು ಇಂಗ್ಲೀಷನ್ನು ಹಿಡಿದುವು. ಆಯಾ ನಾಡಿನ ಜನರು ತಮ್ಮ ಇಚ್ಛೆಯಂತೆ ಅನುರಾಗದಿಂದ ಹಾಡಿಕೊಳ್ಳುವುದು ದೇಶಿಯೆಂದು ‘ಬೃಹದ್ದೇಶೀ’ಕಾರನಾದ ಮತಂಗನ ಅಭಿಪ್ರಾಯವು. ದೇಶಿಗಳ ಸಮ್ಮೇಳನವಾಗಬೇಕಾಗಿದ್ದ ಸಭೆಯು ಒಂದೇ ಮಾರ್ಗದ ಪಾಠಶಾಲೆಯಾಗುವುದು ನಷ್ಟವಲ್ಲವೆ? ‘ಯೂಫೋರಿಯಾ’ದ ಮಾತುಗಳು ಬಡವಾಗಿರುವುದಕ್ಕೂ ಇದೇ ಕಾರಣವಿರಬಹುದೆಂದು ನಮ್ಮ ಊಹೆ: ಎಲ್ಲರಿಗೂ ತಿಳಿಯಲೆಂದು ಆರಿಸಿದ ಮಾತು ಯಾರ ಮನೆಯ ಮಾತೂ ಆಗಲಿಲ್ಲ.

ಎಲ್ಲರಿಗೂ ಮುಟ್ಟಬೇಕಾದರೆ ಇಂಗ್ಲೀಷೇ ಬೇಕೆಂಬ ಸಮಾಧಾನವನ್ನು ಕೆಲವರು ಹೇಳುವರು. ಅದು ನಿಲ್ಲತಕ್ಕುದಲ್ಲ. 2007ರಲ್ಲಿ ಸರ್ಬಿಯನ್, 2017ರಲ್ಲಿ ಪೋರ್ಚುಗೀಸ್, 2021ರಲ್ಲಿ ಇಟಾಲಿಯನ್, 2022ರಲ್ಲಿ ಯುಕ್ರೇನಿಯನ್ ಭಾಷೆಯ ಗೀತಗಳು ಗೆದ್ದುವು. 2023ರಲ್ಲಿ ಲಿವರ್‌ಪೂಲ್ ನಗರದಲ್ಲಿ ಲೊರೀನಳೇ ಮತ್ತೊಂದು ಇಂಗ್ಲೀಷ್ ಗೀತದಿಂದ 583 ಅಂಕಗಳನ್ನು ಪಡೆದು ಎರಡನೆಯ ಬಾರಿ ಜಯಿಸಿದಳು; ಎರಡು ಸಲ ಗೆದ್ದ ಗಾಯಕಿಯರಲ್ಲಿ ಈಕೆಯೇ ಮೊದಲಿಗಳು. ಆದರೆ ಆ ವರ್ಷ ಅವಳಿಗೆ ಪರೀಕ್ಷಕರಿಂದ 340, ಜನರಿಂದ 243 ಅಂಕಗಳು ಬಂದರೆ, ಫಿನ್ನಿಷ್ ಭಾಷೆಯಲ್ಲಿ ಹಾಡಿದ ಫಿನ್‌ಲೆಂಡಿನವನಿಗೆ ಜನರೇ ಕೊಟ್ಟುದು 376. ಫಿನ್ನಿಷ್ ಅರಿಯದ ಜನರು ಆ ಹಾಡಿಗೆ ಮಣಿದರು. ಸ್ವೀಡನ್ ದೇಶವು ಕೂಡ 1998ರ ಬಳಿಕ ಮೊದಲ ಬಾರಿಗೆ 2025ರಲ್ಲಿ ಸ್ವೀಡಿಷ್ ಭಾಷೆಯ ಗೀತವನ್ನು ಕಳುಹಿಸಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಕೇಳುವವರು ಅನುರಾಗವನ್ನು ಮೊದಲು ಗ್ರಹಿಸಿ ಅರ್ಥವನ್ನು ಆಮೇಲೆ ಕೇಳುವರೆಂಬುದು ಇದರಿಂದ ಸಿದ್ಧವಾಗುವುದು. ‘ಯೂಫೋರಿಯಾ’ದಲ್ಲಿಯೂ ಜನರನ್ನು ಹಿಡಿದುದು ಅಂಗಾಭಿನಯವೂ ಲಯವೂ ಕಂಠವೂ ಆಗಿದ್ದರೆ, ಮಾತು ಸ್ವೀಡಿಷಿನದಾಗಿದ್ದರೂ ನಷ್ಟವೇನಾಗುತ್ತಿತ್ತು?

ದೇಸಿಯಲ್ಲಿ ಹೊಕ್ಕು ಮಾರ್ಗದಲ್ಲಿ ಸೇರಬೇಕೆಂಬ ಪಂಪನ ಮತವು ಕನ್ನಡಿಗರಿಗೆ ಹೊಸದಲ್ಲ. ಆ ಮತದಂತೆ ತೂಗಿದರೆ, ‘ಯೂಫೋರಿಯಾ’ ಮಾರ್ಗದಲ್ಲಿ ಪೂರ್ಣವಾಗಿ ಗೆದ್ದ, ದೇಸಿಯನ್ನು ಹೊಕ್ಕೇ ಇಲ್ಲದ ಕೃತಿಯು. ಮೂರು ನಿಮಿಷಗಳಲ್ಲಿ ಗೀತ, ವಾದ್ಯ, ನೃತ್ತಗಳನ್ನು ಏಕಾರ್ಥಕ್ಕೆ ದುಡಿಸಿದುದು ಅದರ ಸಾಧನೆ. ಮಾತನ್ನು ಮಾತ್ರ ಬಾಡಿಗೆಗೆ ತಂದುದು ಅದರ ಕೊರತೆ. ಇದನ್ನು ಗದ್ದಲವೆಂದು ತಳ್ಳುವವರೂ, ಅಂಕಗಳನ್ನು ಕಂಡು ಕೈಮುಗಿಯುವವರೂ ಸಮಾನವಾಗಿ ಅರ್ಧವನ್ನೇ ಕಂಡವರು. ಸಹೃದಯರು ಅದನ್ನು ಕಣ್ಣು ಕಿವಿಗಳೆರಡರಿಂದಲೂ ಪರಿಶೀಲಿಸಿ ಈ ನಿರ್ಣಯವನ್ನು ತಿದ್ದುವುದಾದರೆ ತಿದ್ದಲಿ.