ಉಮ್ಮತ್ತೂರು ಉಳಿದಿದ್ದರೆ

‘ಹೀಗಾಗಿದ್ದರೆ?’ ಎಂದು ಇತಿಹಾಸವನ್ನು ಕೇಳುವವರಿಗೆ ನಿಯಮ ಒಂದೇ: ಬದಲಿಸುವುದು ಒಂದೇ ಘಟನೆ, ಉಳಿದದ್ದೆಲ್ಲ ಅದರ ಫಲವಾಗಿ ಬರಬೇಕು. ಈ ವಾರ ಚಾಮರಾಜನಗರ ಸೀಮೆಯ ಉಮ್ಮತ್ತೂರನ್ನು ನೋಡೋಣ.

ಉಮ್ಮತ್ತೂರಿನ ಒಡೆಯರು ಹೆಸರಿಗೆ ವಿಜಯನಗರದ ಸಾಮಂತರು, ನಡೆಯಲ್ಲಿ ಸ್ವತಂತ್ರರು. ದೂರದ ಪೆನುಗೊಂಡೆಯ ಮೇಲೂ ಹಕ್ಕು ಸಾರಿದವರು. ಅವರಲ್ಲೊಬ್ಬನಾದ ಗಂಗರಾಜನ ಕೈಯಲ್ಲಿ ಶ್ರೀರಂಗಪಟ್ಟಣ, ಶಿವನಸಮುದ್ರ ಎರಡೂ ಇದ್ದವು. ಅವನ ಧೈರ್ಯ ಎಲ್ಲಿಂದ ಬಂತೆಂದು ಶಿವನಸಮುದ್ರಕ್ಕೆ ಹೋದವರಿಗೆ ಹೇಳಬೇಕಿಲ್ಲ. ಅಲ್ಲಿ ಕಾವೇರಿ ಕವಲೊಡೆದು ದ್ವೀಪವನ್ನು ಬಳಸುತ್ತಾಳೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಮುತ್ತಿಗೆಗೆ ಬಂದ ಸೈನ್ಯ ಕೋಟೆಗಿಂತ ಮೊದಲು ಹೊಳೆಯನ್ನು ಗೆಲ್ಲಬೇಕು.

1509ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಕೃಷ್ಣದೇವರಾಯ 1512ರ ಹೊತ್ತಿಗೆ ಶಿವನಸಮುದ್ರವನ್ನೂ ಮುತ್ತಿ ಗೆದ್ದ. ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂಬುದು ಪ್ರತೀತಿ. ಶ್ರೀರಂಗಪಟ್ಟಣ ವಿಜಯನಗರದ ಪ್ರಾಂತ್ಯವೊಂದರ ಕೇಂದ್ರವಾಯಿತು.

ನಾನು ಬದಲಿಸುವುದು ಆ ಮುತ್ತಿಗೆಯ ಅವಧಿಯನ್ನು ಮಾತ್ರ. 1513ರಲ್ಲಿ ರಾಯ ಗಜಪತಿ ಅರಸನ ಉದಯಗಿರಿಗೆ ಮುತ್ತಿಗೆ ಹಾಕಿದ. ಶಿವನಸಮುದ್ರ ಇನ್ನೊಂದು ಮಳೆಗಾಲ ತಡೆದುಕೊಂಡಿದ್ದರೆ, ಎರಡು ದಿಕ್ಕಿನ ಯುದ್ಧಕ್ಕಿಂತ ಕಪ್ಪ ಪಡೆದು ರಾಜಿಯಾಗುವುದೇ ಅವನಿಗೆ ಲೇಸೆನಿಸುತ್ತಿತ್ತು. 1565ರಲ್ಲಿ ವಿಜಯನಗರ ಸೋತಾಗ ಉಮ್ಮತ್ತೂರು ಕಪ್ಪವನ್ನೂ ನಿಲ್ಲಿಸಿ ಪೂರ್ತಿ ಸ್ವತಂತ್ರವಾಗುತ್ತಿತ್ತು.

ಆಗ ಮೈಸೂರಿನ ಗತಿ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದದ್ದು ಸೊರಗಿದ ಸಾಮ್ರಾಜ್ಯದ ಪ್ರತಿನಿಧಿ ತಿರುಮಲನಿಂದ. ಅವನ ಜಾಗದಲ್ಲಿ ನೆಲದ ಬೆಂಬಲವಿದ್ದ ಉಮ್ಮತ್ತೂರಿನ ಒಡೆಯನಿದ್ದಿದ್ದರೆ ಮೈಸೂರು ಸಣ್ಣ ಪಾಳೆಯಪಟ್ಟಾಗಿಯೇ ಉಳಿಯುತ್ತಿತ್ತು. ಆ ವರ್ಷ ಶ್ರೀರಂಗಪಟ್ಟಣದಲ್ಲಿ ಶುರುವಾದ ಮೈಸೂರು ಒಡೆಯರ ದಸರಾ ಕೂಡ ನಡೆಯುತ್ತಿರಲಿಲ್ಲ.

ಇಲ್ಲಿಂದ ಮುಂದೆ ಹೈದರ್, ಟಿಪ್ಪು ಯಾರೂ ಇರುತ್ತಿರಲಿಲ್ಲ ಎಂದು ಜಿಗಿಯುವುದು ಸಲ್ಲದು. 1630ರ ದಶಕದ ಕೊನೆಗೆ ಬಿಜಾಪುರದ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ ಮೈಸೂರಿನ ಅರಸ ಕಂಠೀರವ ನರಸರಾಜರು ಅವನನ್ನು ಹಿಮ್ಮೆಟ್ಟಿಸಿದರು. ಆ ಪರೀಕ್ಷೆ ಉಮ್ಮತ್ತೂರಿಗೂ ತಪ್ಪುತ್ತಿರಲಿಲ್ಲ. ಕಾವೇರಿ ಬಳಸಿದ ದ್ವೀಪದ ಕೋಟೆ ಅವರಿಗೂ ನೆರವಾಗುತ್ತಿತ್ತು. ಹಾಗಾಗಿ ನನ್ನ ತೀರ್ಮಾನ: ರಾಜವಂಶ ಬೇರೆಯಾಗುತ್ತಿತ್ತು, ರಾಜಧಾನಿ ಬೇರೆಯಾಗುತ್ತಿರಲಿಲ್ಲ.

ಉಮ್ಮತ್ತೂರು ಇಂದು ಒಂದು ಹಳ್ಳಿ. ಅದರ ಅರಸರ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿವೆ. ಮೈಸೂರಿನ ಚರಿತ್ರೆಯನ್ನು ಪ್ರೀತಿಸುವವರು ಮೊದಲು ಅವನ್ನು ಓದಬೇಕು.