ಹಂಸೋದಕವಿಚಾರ

ಶರದ್ವರ್ಣನೆಯನ್ನು ಪಾಠಹೇಳುವಾಗ, ಅಗಸ್ತ್ಯೋದಯದಿಂದ ನೀರು ಶುದ್ಧವಾಗುವುದೆಂದು ಅರ್ಥವಿಸಿ ಮುಂದಕ್ಕೆ ಸಾಗುವುದು ನಮ್ಮಲ್ಲಿ ವಾಡಿಕೆ. ರಘುವಂಶದ 4ನೆಯ ಸರ್ಗದ ಕುಂಭಯೋನಿಯ ಉದಯವನ್ನೂ, ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯದ ಹಂಸೋದಕಲಕ್ಷಣವನ್ನೂ ಏಕಾರ್ಥವೆಂದೇ ಹಲವರು ಭಾವಿಸುವರು. ಬಹುಕಾಲ ನಾನೂ ಹಾಗೆಯೇ ಪಾಠಹೇಳಿದವನು. ಈ ಭಾವನೆಯು ವಿಮರ್ಶೆಯ ಮುಂದೆ ನಿಲ್ಲಲಾರದೆಂದು ಈಗ ತೋರುತ್ತದೆ.

ಕವಿಗೆ ಬೇಕಾದುದು ಪ್ರಸನ್ನತೆ, ಅದು ಚಕ್ಷುರ್ಗೋಚರ. ನೀರು ತಿಳಿಯಾಯಿತು, ಶತ್ರುಗಳ ಮನಸ್ಸು ಕದಡಿತು ಎಂಬ ಚಮತ್ಕಾರಕ್ಕೆ ಅಷ್ಟೇ ಸಾಕು. ಚರಕನಾದರೋ ಹಗಲಿನ ಸೂರ್ಯತಾಪ, ಇರುಳಿನ ಚಂದ್ರಶೈತ್ಯ, ಕಾಲಕೃತವಾದ ಪಾಕ, ಅಗಸ್ತ್ಯಕೃತವಾದ ನಿರ್ವಿಷತ್ವ ಇವುಗಳನ್ನು ಬೇರೆಬೇರೆಯಾಗಿ ಎಣಿಸಿ, ವೈಮಲ್ಯವನ್ನು ಮತ್ತೊಂದು ಪದದಿಂದ ಹೇಳುತ್ತಾನೆ. ತಿಳಿಯಾದುದೆಲ್ಲವೂ ನಿರ್ವಿಷವೇ ಆಗಿದ್ದ ಪಕ್ಷದಲ್ಲಿ ಇಲ್ಲಿ ಪುನರುಕ್ತಿದೋಷವು ತಪ್ಪುತ್ತಿರಲಿಲ್ಲ.

ಹಾಸನದ ಸೀಮೆಯಲ್ಲಿ ಇದಕ್ಕೆ ನಿದರ್ಶನಗಳು ಕಣ್ಣೆದುರಿಗೇ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೆಳ್ಗೊಳಕ್ಕೆ ಬಿಳಿಯ ಕೊಳದಿಂದಲೇ ಹೆಸರು. ಶಾಸನಗಳಲ್ಲಿ ಅದು ಧವಳಸರೋವರವೆಂದೂ ಬಂದಿದೆ. ಹೇಮಾವತಿಯಾದರೋ ಮಲೆನಾಡಿನ ಕೊಳೆತೆಲೆಯ ಸಾರವನ್ನೂ ಮಣ್ಣನ್ನೂ ಹೊತ್ತು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು ಬಿಸಿಲುಂಡು, ಹೊಳೆನರಸೀಪುರದ ಕಡೆಗೆ ಹರಿಯುತ್ತಾಳೆ. ಬಿಳಿಯ ಕೊಳವು ಉತ್ತಮ, ಕಂದುಹೊಳೆಯು ಅಧಮ ಎಂದು ಬಣ್ಣಮಾತ್ರದಿಂದ ನಿರ್ಣಯಿಸಬಹುದೆ?

ಇಂದಿನ ರಸಾಯನಶಾಸ್ತ್ರವು ಅದನ್ನು ಒಪ್ಪುವುದಿಲ್ಲ. ಮನುಷ್ಯರ ಮತ್ತು ದನಕರುಗಳ ಮಲಮೂತ್ರಗಳ ಮೂಲಕ ಈಸ್ಟ್ರೋನ್, ಈಸ್ಟ್ರಡಯೋಲ್ ಎಂಬ ಹಾರ್ಮೋನುಗಳು ನೀರನ್ನು ಸೇರುತ್ತವೆ. ಇವು ಕಣ್ಣಿಗೆ ಕಾಣವು. ನೀರಿನ ತಿಳಿಯನ್ನು ಕೆಡಿಸವು. ಗುಳಿಗೆಗಳ ಎಥಿನೈಲ್ ಈಸ್ಟ್ರಡಯೋಲ್ ಲೀಟರಿಗೆ ಐದಾರು ನ್ಯಾನೋಗ್ರಾಮಿನಷ್ಟಿದ್ದರೂ ಗಂಡುಮೀನುಗಳಲ್ಲಿ ಸ್ತ್ರೀಲಕ್ಷಣಗಳು ತೋರುವುವು. ಭೂಮಿಗೆ ತಲಪುವ ಬಿಸಿಲಿನಲ್ಲಿ 290 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳು ಇಲ್ಲವೆನ್ನುವಷ್ಟು ಕಡಮೆ; ಉಳಿದವುಗಳನ್ನು ಈಸ್ಟ್ರಡಯೋಲ್ ಅಲ್ಪವಾಗಿಯೇ ಹೀರುತ್ತದೆ. ಆದುದರಿಂದ ಬರಿಯ ತಿಳಿನೀರಿನಲ್ಲಿ ಅದು ಒಡೆಯುವುದು ನಿಧಾನ. ಎಲೆ ಕೊಳೆತ ಕಂದುಸಾರವು ಕರಗಿದ್ದರೆ ಅದು ಬಿಸಿಲನ್ನು ಹೀರಿ, ಉದ್ರಿಕ್ತವಾಗಿ, ನೀರಿನ ಆಮ್ಲಜನಕವನ್ನೂ ಚುರುಕುಗೊಳಿಸಿ, ಹಾರ್ಮೋನನ್ನು ಒಡೆಯಿಸುವುದು. ಆ ಸಾರವೇ ಅತಿಯಾದರೆ ಬಿಸಿಲು ಆಳಕ್ಕಿಳಿಯದಂತೆ ತೆರೆಯಾಗುವುದು. ತಾನು ಹುಟ್ಟಿಸಿದ ಚುರುಕುದ್ರವ್ಯಗಳನ್ನು ತಾನೇ ನುಂಗುವುದು. ಹೀಗೆ ಒಂದೇ ದ್ರವ್ಯವು ಸಾಧಕವೂ ಬಾಧಕವೂ ಆಗಿದೆ. ಒಡೆದ ಮಾತ್ರಕ್ಕೆ ದೋಷವು ಹೋಯಿತೆನ್ನುವಂತೆಯೂ ಇಲ್ಲ: ಬಿಸಿಲಿನಲ್ಲಿ ಈಸ್ಟ್ರೋನಿನಿಂದಾಗುವ ಲ್ಯೂಮಿಈಸ್ಟ್ರೋನಿನಲ್ಲಿ ಹಾರ್ಮೋನಿನ ಗುಣವು ಸ್ವಲ್ಪ ಉಳಿದೇ ಇರುತ್ತದೆ.

ಇಷ್ಟರಿಂದ ಚರಕನಿಗೆ ಈ ರಸಾಯನವು ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸ. ಅದು ಗ್ರಂಥಕ್ಕೆ ಗೌರವವಲ್ಲ, ಭಾರ. ಅವನಿಂದ ನಾವು ಗ್ರಹಿಸಬೇಕಾದುದು ಪದವಿವೇಕ: ವಿಮಲವೆಂಬುದು ಬೇರೆ, ನಿರ್ವಿಷವೆಂಬುದು ಬೇರೆ, ಪಾಕಕ್ಕೆ ಬಿಸಿಲೊಂದೇ ಸಾಲದು, ಕಾಲವೂ ಬೇಕು. ಕಾವ್ಯಪಾಠದಲ್ಲಿ ಈ ಭೇದವನ್ನು ಬಿಟ್ಟರೆ ಕವಿಗೂ ಅನ್ಯಾಯ, ಶಾಸ್ತ್ರಕಾರನಿಗೂ ಅನ್ಯಾಯ. ಕೇಳಿದ ವಿದ್ಯಾರ್ಥಿಯು ತಿಳಿಯಾಗಿ ಕಂಡ ನೀರನ್ನೆಲ್ಲ ನಂಬಿ ಕುಡಿದಾನು.

ಕತಕಬೀಜವು ನೀರನ್ನು ತಿಳಿಗೊಳಿಸುವುದು ನಿಜವಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ಅಭಿಪ್ರಾಯವು ಮನುಸ್ಮೃತಿಯ 6ನೆಯ ಅಧ್ಯಾಯದಲ್ಲಿದೆ. ಹಂಸೋದಕದ ಹೆಸರಿಗೂ ಅದು ಸಲ್ಲತಕ್ಕುದೇ.